ಅಜ್ಜಿಯ ಉಗ್ರಾಣದ ಗುರುತು

ಬರ್ಗೆನ್
ಜೂನ್ 2, 1974

ಪ್ರೀತಿಯ ಹಾಲ್ವರ್,

ಫೋನು ಮಾಡಬಹುದಿತ್ತು. ಆದರೆ ಸ್ಕಾರ್ವನೆಸ್‌ನ ಟೆಲಿಫೋನ್ ಕಚೇರಿಯಲ್ಲಿ ಕೂತಿರುವ ನೂರ್ಡಿಸ್ ನಮ್ಮ ಮಾತನ್ನು ನಮಗಿಂತ ಚೆನ್ನಾಗಿ ಕೇಳಿಸಿಕೊಂಡು, ಸಂಜೆಯೊಳಗೆ ಬಂದರಿನ ಧಕ್ಕೆಯ ತುಂಬ ಹರಡುತ್ತಾಳೆ. ಹಾಗಾಗಿ ಕಾಗದ.

ಏಪ್ರಿಲ್‌ನಲ್ಲಿ ಹೇಳದೆ ಕೇಳದೆ ಒಂದು ಪೆಟ್ಟಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದ ಅಪ್ಪ ಇನ್ನೂ ಇಲ್ಲೇ ಇದ್ದಾನೆ. ನನಗೇನೂ ಭಾರವಲ್ಲ. ಮಕ್ಕಳಿಗೆ ಹಗ್ಗದ ಗಂಟು ಕಲಿಸುತ್ತಾನೆ, ನನ್ನ ಮೀನಿನ ಸಾರಿಗೆ ಹೆಸರಿಡುತ್ತಾನೆ. ಆದರೆ ವಾರಕ್ಕೊಮ್ಮೆ ಟೈ ಕಟ್ಟಿಕೊಂಡು "ಮೀನುಪೇಟೆಗೆ ಹೋಗ್ಬರ್ತೀನಿ" ಎಂದು ಹೊರಡುತ್ತಾನೆ. ಟೈ ಕಟ್ಟಿಕೊಂಡು ಮೀನುಪೇಟೆಗೆ ಹೋಗುವವರನ್ನು ನಾನಂತೂ ಕಂಡಿಲ್ಲ. ಬರುವಾಗ ಕೈಯಲ್ಲಿ ಮೀನೂ ಇರುವುದಿಲ್ಲ. ಕೇಳಿದರೆ, "ಇಲ್ಲಿನ ಮೀನು ನೋಡಿದ್ರೆ ಅಳು ಬರುತ್ತೆ" ಅನ್ನುತ್ತಾನೆ.

ಈಗ ಹೊಸ ಹಠ ಹಿಡಿದಿದ್ದಾನೆ. ಕರಾವಳಿ ಹಡಗಿನಲ್ಲಿ ಕಿರ್ಕೆನೆಸ್‌ವರೆಗೆ, ಕ್ಯಾಬಿನ್ ಹಿಡಿದು, ಪ್ರವಾಸಿಗರ ಹಾಗೆ ಹೋಗಬೇಕಂತೆ. ಜೀವಮಾನವೆಲ್ಲ ಆ ಹಡಗನ್ನು "ಮುದುಕಿಯರ ಬಸ್ಸು" ಎಂದು ಆಡಿಕೊಂಡವನು. ಜೊತೆಗೆ ನಾನೇ ಬರಬೇಕು, ಬೇರೆ ಯಾರೂ ಬೇಡ. "ಹಾಲ್ವರ್‌ಗೆ ಬರೀಬೇಡ" ಎಂದೂ ಹೇಳಿದ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಿಬ್ಬರ ನಡುವೆ ಏನಾಯಿತು? ನೀನು ಅಪ್ಪನ ದೋಣಿಯನ್ನು ಶೆಡ್ಡಿಗೆ ಎಳೆದು ಬೀಗ ಹಾಕಿದ್ದೀಯೆಂದು ಅಂಗಡಿಯವಳು ಬರೆದಿದ್ದಾಳೆ. ಅವನಿಗೆ ಎಪ್ಪತ್ತೆರಡಾಗಿದೆ, ಸತ್ತಿಲ್ಲ. ಅವನು ಬದುಕಿರುವಾಗಲೇ ಯಜಮಾನಿಕೆ ಶುರು ಮಾಡಿದೆಯಾ? ಊರಿನ ಬಗ್ಗೆ ಏನು ಕೇಳಿದರೂ ಅಪ್ಪ ಗೋಡೆ ನೋಡುತ್ತಾ ಕೂರುತ್ತಾನೆ. ನಿಜ ಹೇಳು.

ನಿನ್ನ ಅಕ್ಕ
ತೂರಿದ್


ಸ್ಕಾರ್ವನೆಸ್
ಜೂನ್ 9

ಅಕ್ಕ,

ಮೊದಲು ಬೀಗದ ವಿಷಯ. ಅಪ್ಪನ ದೋಣಿಯ ತಳ ಕೆರೆದುಹೋಗಿದೆ. ಮಾರ್ಚ್‌ನಲ್ಲಿ ಹಂದಿಬಂಡೆಗೆ ಬಡಿದ. ಬಂದರಿನ ಬಾಯಲ್ಲೇ ಇರುವ, ನಡೆಯಲು ಕಲಿಯುವ ಮುಂಚೆ ನಾವೆಲ್ಲ ಹೆಸರು ಕಲಿತ ಬಂಡೆ. ಹಾಡುಹಗಲು, ಗಾಳಿಯೂ ಇರಲಿಲ್ಲ. ಕೇಳಿದರೆ "ಹಿಂದೆ ನೋಡ್ತಿದ್ದೆ" ಅಂದ. ಯಾರಾದರೂ ಬೆನ್ನು ಹತ್ತಿದ್ದಾರಾ ಎಂದು ನೋಡುತ್ತಿದ್ದನಂತೆ. ರಿಪೇರಿಗೆಂದು ಎಳೆದಿಟ್ಟೆ. ಬೀಗ ಹಾಕಿದ್ದು ಉಪಕರಣಗಳು ಕಾಣೆಯಾಗುತ್ತವೆಂದು. ಯಜಮಾನಿಕೆ ಬೇಕಿದ್ದರೆ ಸೋರುವ ದೋಣಿಯಿಂದ ಶುರು ಮಾಡುತ್ತಿರಲಿಲ್ಲ.

ಜಗಳ ಆಗಿಲ್ಲ. ನಮ್ಮ ಮನೆಯಲ್ಲಿ ಜಗಳವಾಡುವಷ್ಟು ಮಾತು ಯಾವತ್ತು ಇತ್ತು?

ಈಗ ನಾನು ಕೇಳುತ್ತೇನೆ. ರಾಗ್ನ್‌ವಾಲ್ ಭಾವ ಇನ್ನೂ ಆ ಟ್ರಾಲರ್ ಕಂಪನಿಯಲ್ಲೇ ಇದ್ದಾನಾ? ಇದ್ದರೆ ಈ ಪ್ರವಾಸದ ಯೋಚನೆ ಮೊದಲು ಯಾರ ಬಾಯಿಂದ ಬಂತು?

ಅಜ್ಜಿಯ ಉಗ್ರಾಣ ಯಾವ ನಕಾಶೆಯಲ್ಲೂ ಇಲ್ಲ, ನಿನಗೂ ಗೊತ್ತು. ಎಲ್ಲರೂ ಬರಿಗೈಯಲ್ಲಿ ಬರುವ ದಿನವೂ ಮೀನು ಕೊಡುವ ಒಂದು ದಿಬ್ಬ, ಕಡಲ ತಳದಲ್ಲಿ. ದಡದ ಮೇಲಿನ ಎರಡು ಗುರುತು ಒಂದರ ಕೆಳಗೊಂದು ಬರಬೇಕು, ಪಕ್ಕದಲ್ಲಿ ಇನ್ನೆರಡು ಕೂಡಬೇಕು, ಅಲ್ಲಿ ಗಾಳ ಬಿಡಬೇಕು. ಸ್ವಲ್ಪ ಆಚೀಚೆಯಾದರೆ ಬರೀ ನೀರು. ಆ ಗುರುತನ್ನು ಅಜ್ಜ ಅಪ್ಪನಿಗೆ ಕೊಟ್ಟ. ನೀನು ಮದುವೆಯಾಗಿ ದಕ್ಷಿಣಕ್ಕೆ ಹೋದ ಮೇಲೆ, ಹನ್ನೊಂದು ವರ್ಷದ ಹಿಂದೆ, ಅಡುಗೆಮನೆಯಲ್ಲಿ ಕೂತು ಅಪ್ಪ ನನಗೆ ಕೊಟ್ಟ. ಆಮೇಲೆ ಒಂದು ದಿನವೂ ಅಲ್ಲಿಗೆ ನನ್ನ ಜೊತೆ ಬಂದಿಲ್ಲ. "ಎರಡು ದೋಣಿ ಒಟ್ಟಿಗೆ ಕಂಡ್ರೆ ಊರೆಲ್ಲ ಕಣ್ಣು ಹಾಕುತ್ತೆ" ಅಂದಿದ್ದ. ನನ್ನ ಮನೆ ನಡೆಯುವುದು ಆ ಜಾಗದಿಂದ. ಸಿನ್ನೋವ ಆಗಸ್ಟ್‌ನಲ್ಲಿ ಹೆರುತ್ತಾಳೆ.

ಅಂಥ ಅಪ್ಪ ಈಗ ಟ್ರಾಲರ್‌ನವನ ಹೆಂಡತಿಯನ್ನು ಡೆಕ್ಕಿನ ಮೇಲೆ ನಿಲ್ಲಿಸಿಕೊಂಡು ನಮ್ಮ ಕರಾವಳಿಯುದ್ದಕ್ಕೂ ಬರುತ್ತಾನಂತೆ, ಅದೂ ನನಗೆ ಗೊತ್ತಾಗಬಾರದಂತೆ. ನಾನು ದಡ್ಡ ಇರಬಹುದು, ಅಷ್ಟೊಂದಲ್ಲ.

ಹಾಲ್ವರ್


ಸ್ವೋಲ್ವೇರ್, ಲೋಫೋತೆನ್
ಜೂನ್ 26

ಹಾಲ್ವರ್,

ನಿನ್ನ ಕಾಗದಕ್ಕೆ ಉತ್ತರ ಕೊಡುವಷ್ಟು ತಣ್ಣಗಾಗಲು ಇಷ್ಟು ದಿನ ಬೇಕಾಯಿತು. "ಟ್ರಾಲರ್‌ನವನ ಹೆಂಡತಿ" ನಿನಗೆ ತಲೆ ಬಾಚಿ, ಹೇನು ತೆಗೆದು, ಮೂಗು ಒರೆಸಿ ಬೆಳೆಸಿದವಳು. ರಾಗ್ನ್‌ವಾಲ್ ಆ ಕಂಪನಿಯಲ್ಲಿ ಸಂಬಳದ ಚೀಟಿ ಬರೆಯುತ್ತಾನೆ. ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಾನೆ. ಕಡಲ ತಳದಲ್ಲಿ ದಿಬ್ಬವಿದ್ದರೂ ಒಂದೇ, ಗಿರಣಿಯಿದ್ದರೂ ಒಂದೇ ಅವನಿಗೆ.

ನಾಲ್ಕು ದಿನ ಇಲ್ಲಿ ಇಳಿದುಕೊಂಡಿದ್ದೇವೆ. ಚಳಿಗಾಲದ ಮೀನು ಹಿಡಿಯಲು ಬರುತ್ತಿದ್ದಾಗ ಇರುತ್ತಿದ್ದ ಗುಡಿಸಲನ್ನು ನೋಡಬೇಕೆಂದ ಅಪ್ಪ. ಹೋದೆವು. ನೋಡಲಿಲ್ಲ, ಗೋಡೆಗೆ ಅಂಗೈ ಇಟ್ಟುಕೊಂಡು ನಿಂತಿದ್ದ.

ಹಡಗಿನಲ್ಲಿ ನಡೆಯುವುದೆಲ್ಲ ವಿಚಿತ್ರ. ಊಟದ ಮೇಜಿನಲ್ಲಿ ನಮ್ಮ ಜೊತೆ ಒಂದು ಜರ್ಮನ್ ದಂಪತಿ ಇದ್ದರು. ಅವರ ದುರ್ಬೀನನ್ನು ಅಪ್ಪ ಸಾಲ ತೆಗೆದುಕೊಂಡು ಕೊರಳಿಗೆ ಹಾಕಿಕೊಂಡ. ಒಮ್ಮೆಯೂ ಕಣ್ಣಿಗಿಡಲಿಲ್ಲ. ಬದಲಿಗೆ ದಿನವಿಡೀ ನನ್ನನ್ನು ಡೆಕ್ಕಿನ ಮೇಲೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾನೆ.

"ಏನು ಕಾಣುತ್ತೆ ಹೇಳು."

"ಬೆಟ್ಟ. ತುದೀಲಿ ಹಿಮ ಇದೆ. ತುಂಬಾ ಚಂದ ಇದೆ ಅಪ್ಪ."

"ಚಂದ ಯಾರು ಕೇಳಿದ್ರು? ಚಂದ ನೋಡೋಕೆ ಜರ್ಮನಿಯಿಂದ ಜನ ಬಂದಿದಾರೆ. ಯಾವುದರ ಕೆಳಗೆ ಯಾವುದು ಬಂತು, ಅದನ್ನ ಹೇಳು."

"ಹಳದಿ ಮನೆಯ ಮೇಲೆ ಕಲ್ಲುಗುಪ್ಪೆ."

"ಸರೀ ಮೇಲಾ, ಎಡಕ್ಕಾ?"

"ಒಂಚೂರು ಎಡಕ್ಕೆ."

"ಒಂಚೂರು ಅಂದ್ರೆ ಎಷ್ಟು? ಮನೆಯಷ್ಟಾ, ಬಾಗಿಲಷ್ಟಾ? ನಿಮ್ಮಮ್ಮ ಉಪ್ಪು ಹಾಕೋ ಹಾಗೆ ಮಾತಾಡ್ಬೇಡ."

ಒಂದು ಬೆಳಿಗ್ಗೆ ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದ. ಹಡಗು ಅಲುಗಾಡಿತು ಅಂದ. ಹಡಗು ಧಕ್ಕೆಗೆ ಕಟ್ಟಿತ್ತು. ಇನ್ನೊಂದು ದಿನ ಮೊಳೆಗೆ ನೇತುಹಾಕಿದ್ದ ಯಾರದೋ ಕೋಟಿಗೆ "ದಾರಿ ಬಿಡಿ ಸ್ವಾಮಿ" ಅಂದ. ನಾನು ನಕ್ಕೆ. ಸ್ವಲ್ಪ ತಡೆದು ಅವನೂ ನಕ್ಕ.

ಏನನ್ನೋ ಮುಚ್ಚಿಡುತ್ತಿದ್ದಾನೆ. ಅದು ನಿನಗೆ ಗೊತ್ತಿದ್ದೂ ನನಗೆ ಹೇಳುತ್ತಿಲ್ಲ ಎಂದು ನನ್ನ ಅನುಮಾನ. ಟ್ರೊಮ್ಸೊ ಅಂಚೆ ಕಚೇರಿಗೆ ನನ್ನ ಹೆಸರಿಗೆ ಬರೆದು ಹಾಕು, ಎರಡನೇ ತಾರೀಖು ಅಲ್ಲಿರುತ್ತೇವೆ. ಮೂರರ ಸಂಜೆ ಹಡಗು ಸ್ಕಾರ್ವನೆಸ್‌ಗೆ ಬರುತ್ತದೆ. ಧಕ್ಕೆಗೆ ಬಾ.

ತೂರಿದ್


ಸ್ಕಾರ್ವನೆಸ್
ಜೂನ್ 30

ತೂರಿದ್,

ಮುದುಕರು ಕಾಫಿ ಚೆಲ್ಲುತ್ತಾರೆ. ಅದಕ್ಕೆ ಅಂಚೆ ಚೀಟಿ ಹಾಳು ಮಾಡಬೇಕಿರಲಿಲ್ಲ. ಕೋಟು, ಜರ್ಮನರು, ಗುಡಿಸಲು, ಇವನ್ನೆಲ್ಲ ಸುತ್ತ ಹರಡಿ ನಡುವೆ ಒಂದೇ ಒಂದು ನಿಜದ ಮಾತು ಜಾರಿಸಿದ್ದೀಯ. "ಯಾವುದರ ಕೆಳಗೆ ಯಾವುದು ಬಂತು." ಅದು ಊರು ನೋಡಲು ಹೊರಟವರ ಮಾತಲ್ಲ. ಅಪ್ಪ ನಿನಗೆ ಗುರುತು ಹಿಡಿಯುವುದನ್ನು ಕಲಿಸುತ್ತಿದ್ದಾನೆ. ಮನೆ ಎಷ್ಟು, ಬಾಗಿಲು ಎಷ್ಟು ಎಂದು ನನ್ನನ್ನೂ ಹೀಗೇ ಕೇಳುತ್ತಿದ್ದ, ನನಗೆ ಏಳು ವರ್ಷವಾಗಿದ್ದಾಗ.

ಕಣ್ಣಿಗಿಡದ ದುರ್ಬೀನು ಯಾಕೆಂದೂ ನನಗೆ ಅರ್ಥವಾಗುತ್ತದೆ. ಅವನಿಗೆ ಬೇಕಿಲ್ಲ, ಅವನು ಕಂಡ ಜಾಗಗಳೇ. ನೋಡಬೇಕಾದವಳು ನೀನು.

ನೇರವಾಗಿ ಕೇಳುತ್ತೇನೆ. ಉಗ್ರಾಣದ ಗುರುತನ್ನು ನಿನಗೆ ಕೊಟ್ಟನಾ? ಕೊಟ್ಟಿದ್ದರೆ, ಕಂಪನಿಯವರ ಬಾಯಿಗೆ ಬೀಳುವುದಿಲ್ಲ ಎಂದು ಅಮ್ಮನ ಮೇಲೆ ಆಣೆ ಮಾಡಿ ಬರೆಯುತ್ತೀಯಾ? ಒಂದು ಟ್ರಾಲರ್ ಒಂದು ವಾರ ಅಲ್ಲಿ ಬಲೆ ಎಳೆದರೆ ದಿಬ್ಬ ಬೋಳಾಗುತ್ತದೆ. ಆಮೇಲೆ ನಾನು ಕಾರ್ಖಾನೆಯಲ್ಲಿ ಇನ್ನೊಬ್ಬರ ಮೀನು ಕೊಯ್ಯಬೇಕು.

ಧಕ್ಕೆಗೆ ಬರುತ್ತೇನೆ. ಸಿನ್ನೋವಳೂ ಬರುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ.

ಹಾಲ್ವರ್


ಟ್ರೊಮ್ಸೊ
ಜುಲೈ 2

ಹಾಲ್ವರ್,

ಹೌದು, ಕೊಟ್ಟ. ಇವತ್ತು ಬೆಳಿಗ್ಗೆ. ಏನು ಕೊಟ್ಟ ಎಂದು ಬರೆಯುವುದಿಲ್ಲ. ನಾನು ಕೇಳಿರಲಿಲ್ಲ, ನನಗೆ ಬೇಕೂ ಇರಲಿಲ್ಲ. ನೀನು ಬೇರೆ ರೀತಿ ಕೇಳಿದ್ದರೆ ಕೂತು ಮಾತಾಡಬಹುದಿತ್ತು. ಅಮ್ಮನ ಮೇಲೆ ಆಣೆ ಮಾಡು ಎಂದು ಯಾರಾದರೂ ಅಕ್ಕನಿಗೆ ಬರೆಯುತ್ತಾರಾ?

ಇನ್ನೊಂದು ಮಾತು. ಹನ್ನೊಂದು ವರ್ಷದ ಹಿಂದೆಯೇ ಅಪ್ಪ ನಿನಗೆ ಕೊಟ್ಟಿದ್ದಾನೆಂದು ನೀನು ಬರೆದೆ. ಅದನ್ನು ಅವನಿಗೆ ಹೇಳಿದೆ. "ಹಾಲ್ವರ್‌ಗಾ? ಅವನಿಗೆ ಉಗ್ರಾಣ ನಾನು ಯಾವತ್ತೂ ಕೊಟ್ಟಿಲ್ಲ. ಕೊಡಬಾರದು ಅಂತ ಗೊತ್ತಾದ ಮೇಲೆ ಹೇಗೆ ಕೊಡ್ಲಿ?" ಅಂದ. ಯಾಕೆ ಕೊಡಬಾರದು ಎಂದೂ ಹೇಳಿದ. ಅದನ್ನು ಬರೆದು ನಿನ್ನನ್ನು ನೋಯಿಸಲಾರೆ.

ನಿಮ್ಮಿಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ. ಮೂರು ದಿನದಿಂದ ನನ್ನ ತೋಳು ಬಿಡದೆ ನಡೆಯುತ್ತಿರುವ ಮುದುಕ ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಅನ್ನಿಸುವುದಿಲ್ಲ.

ತೂರಿದ್


ಸ್ಕಾರ್ವನೆಸ್ ಧಕ್ಕೆ
ಜುಲೈ 3

ಗೋದಾಮಿನ ಗೋಡೆಗೆ ಕಾಗದ ಒತ್ತಿ ಹಿಡಿದು ಬರೆಯುತ್ತಿದ್ದೇನೆ, ಹಡಗಿನ ಅಂಚೆಯವನ ಕೈಗೆ ಕೊಡುತ್ತೇನೆ. ಅಪ್ಪ ಇಳಿಯಲಿಲ್ಲ. ನೀನು ಮೇಲಿಂದ "ಅಪ್ಪ ಮಲಗಿದಾನೆ" ಎಂದು ಕೂಗಿದೆ. ನಿನ್ನ ಪಕ್ಕದ ಕಿಟಕಿಯ ಪರದೆ ಅಲುಗಾಡಿದ್ದನ್ನು ನಾನು ನೋಡಿದೆ, ಸಿನ್ನೋವ ನೋಡಿದಳು, ಬಂದಿದ್ದ ಅರ್ಧ ಊರು ನೋಡಿತು. ನನ್ನನ್ನು ಮೇಲೆ ಹತ್ತಿ ಬರಲೂ ಬಿಡಲಿಲ್ಲ ನೀನು. ಪಕ್ಕದ ದೋಣಿಯ ಹಿಲ್ಮಾರ್ ನನ್ನ ಎದುರು ಬಂದು ಟೋಪಿ ತೆಗೆದ, ಸಾವಿನ ಮನೆಯಲ್ಲಿ ತೆಗೆಯುವ ಹಾಗೆ. ಸಿನ್ನೋವ ಅಪ್ಪನಿಗೆಂದು ಸುಟ್ಟು ತಂದಿದ್ದ ವಾಫಲ್ ಹಕ್ಕಿಗಳಿಗೆ ಹಾಕಿದೆವು.

ಹಾ.


ಸ್ಕಾರ್ವನೆಸ್
ಜುಲೈ 4

ತೂರಿದ್,

ಟ್ರೊಮ್ಸೊದಿಂದ ನೀನು ಬರೆದದ್ದು ಇವತ್ತು ಬಂತು. ಓದಿ ಶೆಡ್ಡಿಗೆ ಹೋಗಿ ಕೂತಿದ್ದೆ. ಈಗ ಬರೆಯುತ್ತಿದ್ದೇನೆ. ನೀವು ಕಿರ್ಕೆನೆಸ್‌ನಲ್ಲಿ ಸೋದರತ್ತೆಯ ಮನೆಯಲ್ಲಿ ಒಂಬತ್ತರವರೆಗೆ ಇರುತ್ತೀರೆಂದು ನೂರ್ಡಿಸ್ ಊರಿಗೆಲ್ಲ ಹೇಳಿದ್ದಾಳೆ, ಹಾಗಾಗಿ ನನಗೂ ಗೊತ್ತು.

ನಾನು ಸುಳ್ಳುಗಾರನಂತೆ. ಸರಿ, ಅಪ್ಪನಿಗೆ ಈ ಕಾಗದವನ್ನು ಓದಿ ಹೇಳು. ಅವನೇ ಓದಿದರೆ ಇನ್ನೂ ಒಳ್ಳೆಯದು.

1963ರ ಮೇ ತಿಂಗಳು. ಅವನು ಅಡುಗೆಮನೆಯ ಕಿಟಕಿಯ ಪಕ್ಕ ಕೂತಿದ್ದ, ನಾನು ಬೂಟು ಹಾಕುತ್ತಿದ್ದೆ. "ಉಗ್ರಾಣ ನಿನಗೆ ಹೇಳ್ತೀನಿ, ಒಂದೇ ಸಲ ಹೇಳ್ತೀನಿ" ಅಂದ. ಹೇಳಿದ. ನಾನು ಅವತ್ತೇ ಹೋದೆ. ಅಲ್ಲಿ ಒಂದು ಮೀನೂ ಇರಲಿಲ್ಲ. ಆ ಬೇಸಿಗೆ ಪೂರ್ತಿ ಒಂದೂ ಇಲ್ಲ. ಗುರುತನ್ನು ನಾನೇ ತಪ್ಪು ನೆನಪಿಟ್ಟುಕೊಂಡಿದ್ದೇನೆ ಅಂದುಕೊಂಡೆ. ಒಂದೇ ಸಲ ಹೇಳುತ್ತೇನೆ ಅಂದವನನ್ನು ಹೋಗಿ ಎರಡನೇ ಸಲ ಕೇಳುವುದು ಹೇಗೆ? ಇಪ್ಪತ್ಮೂರು ವರ್ಷದವನಿಗೆ ಅದಕ್ಕಿಂತ ನಾಚಿಕೆಗೇಡು ಇರಲಿಲ್ಲ. ಅಲ್ಲಿಂದ ಸುತ್ತಲೂ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು ಇಳಿಸಿ ಇಳಿಸಿ ಆಳ ನೋಡುತ್ತಾ ಹುಡುಕಿದೆ. ಕೈ ಬಿರಿದು ರಕ್ತ ಬರುತ್ತಿತ್ತು. ಬೇಸಿಗೆಯ ಕೊನೆಯಲ್ಲಿ ಗುಂಡು ಇದ್ದಕ್ಕಿದ್ದಂತೆ ಬೇಗ ತಳ ಮುಟ್ಟಿತು. ದಿಬ್ಬ. ಹ್ಯಾಲಿಬಟ್ ಮೀನು ಎಂದರೆ ಬಾಗಿಲಿನಷ್ಟಗಲ. ಗುರುತು ಹೊಸದಾಗಿ ಹಿಡಿದು ತಲೆಯಲ್ಲಿಟ್ಟುಕೊಂಡೆ. ಕೂತು ಅತ್ತೆ, ಅಪ್ಪನ ಮಾತು ಕೊನೆಗೂ ಸರಿಯಾಗಿ ಹಿಡಿದೆ ಎಂದು.

ಮುಂದಿನ ಬೇಸಿಗೆ ನನ್ನ ಮೀನು ನೋಡಿ ಹಿಲ್ಮಾರ್ ಬೆನ್ನು ಹತ್ತಿದ. ನಾನು ಮೀನಿಲ್ಲದ ಆ ಮೊದಲ ಜಾಗಕ್ಕೇ ಹೋಗಿ ಇಂಜಿನ್ ಕೆಟ್ಟವನ ಹಾಗೆ ಕೂತೆ, ಮೂರು ವಾರ, ಗಾಳ ನೀರಿಗೆ ಬಿಡದೆ. ಅವನಿಗೆ ಬೇಸರವಾಗಿ ಹೋಗುವವರೆಗೆ. ಆ ವರ್ಷ ಚಳಿಗಾಲಕ್ಕೆ ಎಣ್ಣೆ ತೆಗೆದುಕೊಳ್ಳಲೂ ಇರಲಿಲ್ಲ. ಸಿನ್ನೋವಳಿಗೂ ನಾನು ಆ ಜಾಗ ಹೇಳಿಲ್ಲ. ಹನ್ನೊಂದು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಹೇಳಿಲ್ಲ.

ಈಗ ಕೊಟ್ಟೇ ಇಲ್ಲ ಅನ್ನುತ್ತಾನೆ. ಕೊಟ್ಟದ್ದನ್ನು ಕಿತ್ತುಕೊಂಡು ಇನ್ನೊಬ್ಬರಿಗೆ ಕೊಡುವುದಾದರೆ ಕೊಡಲಿ. ಅಪ್ಪ ನನ್ನ ಮುಖ ಯಾಕೆ ನೋಡಲಿಲ್ಲ, ಅದೊಂದನ್ನು ಕೇಳಿ ಬರೆ. ನನಗೆ ತುಂಬ ನೋವಾಗಿದೆ ಅಕ್ಕ.

ಹಾಲ್ವರ್


ಕಿರ್ಕೆನೆಸ್
ಜುಲೈ 7

ನನ್ನ ಹಾಲ್ವರ್,

ಅಪ್ಪನಿಗೆ ಕಣ್ಣು ಕಾಣುವುದಿಲ್ಲ.

ಪೂರ್ತಿ ಕತ್ತಲೆಯಲ್ಲ. ಅಂಚಿನಲ್ಲಿ ಕಾಣುತ್ತದೆ, ನಡುವೆ ಏನೂ ಇಲ್ಲ. ಮೂರನೇ ತಾರೀಖು, ಹಡಗು ನಿಮ್ಮ ಧಕ್ಕೆ ಬಿಟ್ಟ ಮೇಲೆ, ಪರದೆಯ ಹಿಂದೆ ಕೂತು ಹೇಳಿದ. "ಎಲ್ಲರ ಮುಖದ ಜಾಗದಲ್ಲಿ ಹೊಗೆ ಇದೆ. ಹಲಗೆ ಇಳಿಯೋವಾಗ ತಡಕಾಡಿದ್ರೆ ಹಿಲ್ಮಾರ್ ನೋಡ್ತಾನೆ. ನೂರ್ಡಿಸ್ ನೋಡ್ತಾಳೆ. ಅದಕ್ಕೇ ಇಳೀಲಿಲ್ಲ." ನಿನ್ನ ಮುಖ ನೋಡಲಿಲ್ಲ ಎಂದು ಬರೆದಿದ್ದೀಯ. ಮಲಗಿದ್ದಾನೆ ಅನ್ನು ಎಂದು ನನಗೆ ಹೇಳಿಕೊಟ್ಟು, ಪರದೆ ಸರಿಸಿ ನಿನ್ನ ಮುಖವನ್ನೇ ಹುಡುಕುತ್ತಿದ್ದ. ನಿನ್ನ ದನಿ ಎಲ್ಲಿಂದ ಬರುತ್ತಿದೆ ಎಂದು ನನ್ನನ್ನು ಕೇಳುತ್ತಿದ್ದ.

ಹಂದಿಬಂಡೆ, ಕಾಫಿ, ಕೋಟು, ಎಲ್ಲ ಅದೇ. ಬರ್ಗೆನ್‌ನಲ್ಲಿ ಟೈ ಕಟ್ಟಿಕೊಂಡು ಹೋಗುತ್ತಿದ್ದುದು ಕಣ್ಣಿನ ಡಾಕ್ಟರ ಹತ್ತಿರ. ಏನೂ ಮಾಡಲಾಗದು ಅಂದರಂತೆ. ನಾನು ದಿನಾ ಜೊತೆಗಿದ್ದು ಗುರುತಿಸಲಿಲ್ಲ. ನೀನೇನೋ ಬಚ್ಚಿಡುತ್ತಿದ್ದೀಯ ಎಂದು ಹುಡುಕುವುದರಲ್ಲೇ ಮುಳುಗಿದ್ದೆ. ಗುರುತು ಎಂಬುದು ಬಾಯಿಗಿಂತ ಕಣ್ಣಿನಲ್ಲಿ ಇರುತ್ತದಂತೆ. ನನ್ನ ಕಣ್ಣಿನಿಂದ ಅವನ ತಲೆಯೊಳಗಿನದನ್ನು ಹಿಡಿಯಬಹುದೋ ಇಲ್ಲವೋ ಎಂದು ದಾರಿಯುದ್ದಕ್ಕೂ ಪರೀಕ್ಷೆ ಮಾಡುತ್ತಿದ್ದ.

ಈಗ ನಿನ್ನ ಕಾಗದ. ಅತ್ತೆ ಚರ್ಚಿಗೆ ಹೋಗಿದ್ದಾಗ ಗಟ್ಟಿಯಾಗಿ ಓದಿದೆ. ಸೀಸದ ಗುಂಡಿನ ಮಾತು ಬಂದಾಗ ಅವನು ಕೈ ಎತ್ತಿದ.

"ನಿಲ್ಲು. ಅಲ್ಲಿ ಮೀನು ಇರಲಿಲ್ಲ ಅಂತಾನಾ?"

"ಮೊದಲ ಬೇಸಿಗೆ ಇರಲಿಲ್ಲವಂತೆ. ಆಮೇಲೆ ಪಕ್ಕದಲ್ಲಿ ಹುಡುಕಿದನಂತೆ, ದಿಬ್ಬ ಸಿಕ್ಕಿತಂತೆ."

"ಪಕ್ಕದಲ್ಲಿ ಎಲ್ಲಿ ಸಿಗುತ್ತೆ? ಅಲ್ಲೆಲ್ಲ ಏನೂ ಇಲ್ಲ ಕಣೆ. ಆ ಜಾಗಾನ ನಾನು ಅವತ್ತು ಕೂತಲ್ಲೇ ಕಟ್ಟಿದ್ದು. ಕಿಟಕೀಲಿ ಏನು ಕಾಣ್ತಿತ್ತೋ ಅದನ್ನೇ ಗುರುತು ಅಂತ ಹೇಳಿದೆ."

ನನಗೆ ತಲೆ ಬುಡ ತಿಳಿಯಲಿಲ್ಲ. ಆಮೇಲೆ ಬಿಡಿಸಿ ಹೇಳಿದ. ಮೊದಲು ಮಗನಿಗೆ ಸುಳ್ಳು ಗುರುತು ಕೊಡುವುದು ಪದ್ಧತಿಯಂತೆ. ಅಜ್ಜ ಅವನಿಗೂ ಹಾಗೇ ಮಾಡಿದ್ದನಂತೆ. ಒಂದು ವರ್ಷ ಕಾಯುವುದು. ಆ ಸುಳ್ಳು ಜಾಗಕ್ಕೆ ಬೇರೆ ದೋಣಿ ಬಂದರೆ ಮಗನ ಬಾಯಿ ಭದ್ರವಿಲ್ಲ ಎಂದರ್ಥ. ಬರದಿದ್ದರೆ ಅಪ್ಪನೇ ಮಗನನ್ನು ಕರೆದುಕೊಂಡು ಹೋಗಿ, ದೋಣಿ ತಿರುಗಿಸಿ ನಿಜವಾದದ್ದನ್ನು ತೋರಿಸುವುದು. ಸ್ಕಾರ್ವನೆಸ್‌ನಲ್ಲಿ ಗಂಡಸರು ಎಲ್ಲರೂ ಹೀಗೇ ಮಾಡುತ್ತಾರಂತೆ, ಯಾರೂ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲವಂತೆ. ನಿನ್ನ ವರ್ಷ ಮುಗಿಯುವ ಹೊತ್ತಿಗೆ ಅಪ್ಪ ಗುಡ್ಡದ ಮೇಲಿಂದ ನೋಡಿದಾಗ ಆ ಸುಳ್ಳು ಜಾಗದಲ್ಲಿ ಹಿಲ್ಮಾರ್‌ನ ದೋಣಿ ಇತ್ತು. ನೀನು ಬಾಯಿಬಿಟ್ಟೆ ಅಂದುಕೊಂಡ. ಹನ್ನೊಂದು ವರ್ಷ ಹಾಗೇ ಅಂದುಕೊಂಡಿದ್ದ. ನಿನಗೆ ಬರೆಯಲಾರೆ ಅಂದಿದ್ದೆನಲ್ಲ, ಅದು ಇದು.

ಮೂರು ವಾರ ನೀನು ಗಾಳ ಬಿಡದೆ ಕೂತ ಭಾಗವನ್ನು ಎರಡು ಸಲ ಓದಿಸಿದ. ಕೊನೆಗೆ ಅಂದದ್ದು ಇಷ್ಟೇ: "ಅವನು ಅದನ್ನ ತಾನೇ ಹುಡುಕಿದಾನೆ ಕಣೆ. ನನ್ನ ಅಪ್ಪನೂ ಹುಡುಕಿರಲಿಲ್ಲ, ನಾನೂ ಹುಡುಕಿಲ್ಲ. ನಮಗೆಲ್ಲ ಕೊಟ್ಟಿದ್ದು." ಅವನು ಅಳುವುದನ್ನು ಅಮ್ಮನ ಮಣ್ಣಿನ ದಿನವೂ ನಾನು ನೋಡಿರಲಿಲ್ಲ.

ನಿನ್ನ ಮೇಲೆ ಸುಳ್ಳು ಹೊರಿಸಿದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ. ನಿಜವಾದ ಉಗ್ರಾಣ ಈಗ ನನ್ನ ತಲೆಯಲ್ಲಿದೆ, ಅದು ನಿನಗೇ ಸೇರಬೇಕು. ಕೇಳಿದ ದಿನ ಬಂದು ಹೇಳುತ್ತೇನೆ.

ಹತ್ತನೇ ತಾರೀಖು ಹಡಗು ನಿಮ್ಮಲ್ಲಿಗೆ ಬಂದಾಗ ನೀನು ಮೇಲೆ ಹತ್ತಿ ಕ್ಯಾಬಿನ್ನಿಗೇ ಬಾ. ಅವನ ತೋಳು ಹಿಡಿದು, ಜೋರಾಗಿ ಜಗಳವಾಡುತ್ತಾ ಇಳಿಸು. ನೀವಿಬ್ಬರು ಜಗಳವಾಡುತ್ತಾ ಬಂದರೆ ತೋಳು ಯಾಕೆ ಹಿಡಿದಿದ್ದೀಯ ಎಂದು ಯಾರೂ ಕೇಳುವುದಿಲ್ಲ.

ನಿನ್ನ ಅಕ್ಕ
ತೂರಿದ್


ಸ್ಕಾರ್ವನೆಸ್
ಜುಲೈ 21

ಪ್ರೀತಿಯ ಅಕ್ಕ,

ನೀನು ಹಡಗಿನಿಂದ ನೋಡಿದೆಯಲ್ಲ, ಜಗಳ ಚೆನ್ನಾಗಿ ನಡೆಯಿತು. ಆದರೆ ಧಕ್ಕೆ ದಾಟಿದ ಮೇಲೂ ನಿಲ್ಲಲಿಲ್ಲ. ಶುರುವಾದದ್ದು ದೋಣಿಗೆ ನಾನು ಹಚ್ಚಿದ ಬಣ್ಣದ ಮೇಲೆ, ಅವನಿಗೆ ಕಾಣದೇ ಇರುವ ಬಣ್ಣದ ಮೇಲೆ. ಮನೆ ಮುಟ್ಟುವವರೆಗೂ ಬೈದ. ಹಿಲ್ಮಾರ್ ದಾರಿ ಬಿಟ್ಟು ನಿಂತ.

ಅಪ್ಪನ ಮೇಲೆ ನನಗೆ ಸಿಟ್ಟು ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಕಣ್ಣು ಹೋಯಿತೆಂದು ಮರುಕವಾಯಿತು, ಆದರೆ ಸಿಟ್ಟು ಅದರ ಪಾಡಿಗೆ ಅದು ಇತ್ತು. ಒಂದು ವಾರ ಊಟದ ಮೇಜಿನಲ್ಲಿ ಸಿನ್ನೋವ ಒಬ್ಬಳೇ ಮಾತಾಡಿದಳು. ಕೇಳಿದ್ದರೆ ಹೇಳುತ್ತಿದ್ದೆ. "ಹಿಲ್ಮಾರ್‌ಗೆ ಯಾಕೋ ಹೇಳಿದೆ" ಎಂದು ಹನ್ನೊಂದು ವರ್ಷದಲ್ಲಿ ಒಂದು ಸಲ ಕೇಳಿದ್ದರೆ ಸಾಕಿತ್ತು.

ಮೊನ್ನೆ ಗಾಳಿ ನಿಂತಿತ್ತು. ಅವನೇ ಬೂಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ.

"ಉಗ್ರಾಣಕ್ಕಾ?" ಅಂದೆ.

"ಬೇಡ. ಅದನ್ನ ನಿಮ್ಮಕ್ಕನ ಹತ್ರ ಇಸ್ಕೋ ಯಾವಾಗಾದ್ರೂ. ನಿನ್ನ ಜಾಗಕ್ಕೆ ಕರ್ಕೊಂಡು ಹೋಗು."

ಕರೆದುಕೊಂಡು ಹೋದೆ. ನಾವಿಬ್ಬರೇ. ಗಾಳ ಅವನ ಕೈಗೆ ಕೊಟ್ಟೆ. ಕೈಗೆ ಕಣ್ಣು ಬೇಕಿಲ್ಲ, ನನಗಿಂತ ಚೆನ್ನಾಗಿ ಆಡಿಸಿದ. ಸ್ವಲ್ಪ ಹೊತ್ತಿಗೇ ಒಂದು ದೊಡ್ಡದು ಹಿಡಿಯಿತು, ಇಬ್ಬರೂ ಸೇರಿ ಎಳೆದು ಹಾಕಿದೆವು. ಅವನು ಅದರ ಮೈಯನ್ನು ಮೂತಿಯಿಂದ ಬಾಲದವರೆಗೆ ಸವರಿ ನೋಡಿದ.

"ಗುರುತು ಹೇಗೆ ಹಿಡಿದಿದೀಯ?" ಎಂದು ಕೇಳಿದ.

ಈಗ ನಾನು ಮಾಡಿದ್ದನ್ನು ನಿನಗೆ ಮಾತ್ರ ಬರೆಯುತ್ತಿದ್ದೇನೆ. ನಾನು ಸುಳ್ಳು ಹೇಳಿದೆ. ಯೋಚಿಸಿ ಹೇಳಿದ್ದಲ್ಲ. ಯಾರು ಕೇಳಿದರೂ ಬಾಯಿಂದ ಮೊದಲು ಬರುವುದು ಅದೇ, ಅಷ್ಟು ವರ್ಷದ ರೂಢಿ. "ಚರ್ಚಿನ ಮೊನೆ ನೋಡು, ಅದರ ಮೇಲೆ ದಕ್ಷಿಣದ ಬೆಟ್ಟ" ಅಂದೆ. ಅವನು ಮುಖವನ್ನು ದಕ್ಷಿಣಕ್ಕೆ ತಿರುಗಿಸಿದ. ಅಲ್ಲಿ ಏನೂ ಇಲ್ಲ ಅಕ್ಕ, ಬರೀ ಜವುಗು. ಅವನು ತಲೆ ಸ್ವಲ್ಪ ಓರೆ ಮಾಡಿಕೊಂಡು, ಕಣ್ಣಿನ ಅಂಚಿನಿಂದ ಆ ಜವುಗನ್ನು ಹುಡುಕುತ್ತಾ, "ಸರಿ, ಸರಿ, ತಿಳೀತು" ಎಂದು ತಲೆಯಾಡಿಸಿದ. ಶಾಲೆಯಲ್ಲಿ ಪಾಠ ಕೇಳುವ ಮಗುವಿನ ಹಾಗೆ ಕೂತಿದ್ದ. ನನಗೆ ತಡೆಯಲಾಗಲಿಲ್ಲ.

"ಅಲ್ಲ ಅಪ್ಪ. ಇತ್ಲಾಗೆ" ಅಂದೆ. ಎರಡೂ ಭುಜ ಹಿಡಿದು ತಿರುಗಿಸಿದೆ. ಅವನ ಕೈ ಎತ್ತಿ ಹಿಡಿದು ಮೊದಲ ಗುರುತು ತೋರಿಸಿದೆ, ಆಮೇಲೆ ಎರಡನೆಯದು. ಯಾವುದರ ಕೆಳಗೆ ಯಾವುದು, ಎಷ್ಟು ಎಡಕ್ಕೆ, ಎಲ್ಲ ಹೇಳಿದೆ. ಅವನು ಒಂದು ಸಲ ಬಾಯಲ್ಲಿ ಹೇಳಿಕೊಂಡ.

ಆಮೇಲೆ ಅಂದ: "ಮೊದಲನೇದು ಸುಳ್ಳು ಅಂತ ಗೊತ್ತಾಯ್ತು ಕಣೋ. ಬಿಸಿಲು ಮುಖಕ್ಕೆ ಹೊಡೀತಿತ್ತು, ಆ ಕಡೆ ಬೆಟ್ಟ ಇಲ್ಲ. ಒಂದು ವರ್ಷ ಕಾಯ್ಬೇಕೇನೋ ಅಂದ್ಕೊಂಡಿದ್ದೆ."

ಹಾಲ್ವರ್